ಹುಡುಗಿ ಪರವಾಗಿಲ್ಲ

ಜನವರಿ 28, ಮಂಗಳವಾರ. ರಕ್ತದೊತ್ತಡ 164/100

ಇದನ್ನು ನಾನಾಗಿ ಬರೆಯುತ್ತಿಲ್ಲ. ಮನೆಯವಳು ನರ್ಸು. ಆಸ್ಪತ್ರೆಯಲ್ಲಿ ಅವಳ ಮಾತನ್ನು ದೊಡ್ಡ ಡಾಕ್ಟರೇ ಮೀರುವುದಿಲ್ಲ, ಇನ್ನು ನಾನು ಯಾವ ಗಿಡದ ತೊಪ್ಪಲು. ನಿನ್ನೆ ನನ್ನ ತೋಳಿಗೆ ಪಟ್ಟಿ ಸುತ್ತಿ, ಯಂತ್ರದ ಅಂಕಿ ನೋಡಿ, ನೂರು ಹಾಳೆಯ ಪುಸ್ತಕವೊಂದನ್ನು ಮೇಜಿನ ಮೇಲೆ ಕುಕ್ಕಿದಳು. "ಸಿಟ್ಟನ್ನ ಮಕ್ಕಳ ಮೇಲೆ ಉಗುಳಬೇಡಿ, ಇದರಲ್ಲಿ ಉಗುಳಿ. ದಿನಾ ಬೇಡ, ಉಕ್ಕಿದಾಗ ಸಾಕು. ನಾನು ಓದಲ್ಲ."

ಸರಕಾರಿ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಕಲಿಸಿದವನಿಗೆ ಉಗುಳಲು ಏನು ಬರ. ಇವತ್ತು ಏಳನೇ ತರಗತಿಯಲ್ಲಿ ಒಬ್ಬ ಮುಕ್ಕಾಲು ಅರ್ಧಕ್ಕಿಂತ ಚಿಕ್ಕದು ಎಂದ. ಯಾಕಪ್ಪಾ ಎಂದರೆ, "ಮೂರು ಮೇಲಿದೆ, ನಾಲ್ಕು ಕೆಳಗಿದೆ ಸರ್. ಎರಡೂ ಜಗಳ ಆಡಿ ಆಡಿ ಸವೆದುಹೋಗ್ತವೆ" ಎಂದ. ಅರ್ಧ ಒತ್ತಡ ಅಲ್ಲೇ ಏರಿರಬೇಕು.

ಉಳಿದರ್ಧ ಸಂಜೆ ಏರಿತು. ಶಾಲೆ ಬಿಟ್ಟ ಮೇಲೆ ಒಬ್ಬ ವಿದ್ಯಾರ್ಥಿನಿಯ ತಾಯಿ ಬಂದರು. ಬೀದಿಯ ತಿರುವಿನಲ್ಲಿ ಇಸ್ತ್ರಿ ಅಂಗಡಿ ಇಟ್ಟಿರುವಾಕೆ. ಕೈಯಲ್ಲೊಂದು ಅರ್ಜಿ. ಅದಕ್ಕೂ ಇಸ್ತ್ರಿ ಹಾಕಿದ್ದರೋ ಏನೋ, ಒಂದು ಸುಕ್ಕು ಇರಲಿಲ್ಲ. ಗುಡ್ಡದ ಮೇಲಿನ ಕಾನ್ವೆಂಟ್ ಹೈಸ್ಕೂಲಿನ ಅರ್ಜಿ. ಕ್ಯಾಥೊಲಿಕ್ ಸಿಸ್ಟರುಗಳು ನಡೆಸುವ ಆ ಖಾಸಗಿ ಶಾಲೆಯಲ್ಲಿ ಎಂಟನೇ ತರಗತಿಗೆ ಪ್ರತಿ ವರ್ಷ ಐದು ಸೀಟುಗಳನ್ನು ಸರಕಾರಿ ಶಾಲೆಯ ಮಕ್ಕಳಿಗೆಂದು ಎತ್ತಿಡುತ್ತಾರೆ.

"ಹತ್ತು ವರ್ಷದಿಂದ ಆ ಸ್ಕೂಲಿನ ಯೂನಿಫಾರ್ಮಿಗೆ ಇಸ್ತ್ರಿ ಹಾಕ್ತಿದೀನಿ ಸರ್. ಸಂಜೆ ಆದ್ರೆ ಎಲ್ಲಾ ಅವರವರ ಮನೆಗೆ ಹೋಗ್ತವೆ. ಒಂದಾದ್ರೂ ನಮ್ಮನೇಲೇ ಉಳೀಲಿ ಅಂತ ಆಸೆ."

ಅದಕ್ಕೆ ತರಗತಿ ಶಿಕ್ಷಕರ ಅಭಿಪ್ರಾಯ ಬೇಕಂತೆ. 'ವಿದ್ಯಾರ್ಥಿಯ ವಿಶೇಷತೆಯ ಕುರಿತು, ಒಂದು ಪುಟ.' ನನ್ನ ಬಳಿ ಇರುವುದು ಮೂರು ರಬ್ಬರ್ ಸ್ಟಾಂಪು: 'ಉತ್ತಮ', 'ಪರವಾಗಿಲ್ಲ', 'ಸುಧಾರಿಸಬೇಕು'. ಇಪ್ಪತ್ತಾರು ವರ್ಷದ ಪ್ರಗತಿ ಪತ್ರಗಳೆಲ್ಲ ಈ ಮೂರರಲ್ಲೇ ಮುಗಿದಿವೆ. ಪುಟವೆಂದರೆ ಎಲ್ಲಿಂದ ತರಲಿ? ಆಯಿತು ನೋಡೋಣ ಎಂದು ಆಕೆಯನ್ನು ಸಾಗಹಾಕಿದೆ. ಆಮೇಲೆ ಅರ್ಜಿಯಲ್ಲಿ ಹುಡುಗಿಯ ಹೆಸರು ಓದಿದೆ. ಮುಖ ನೆನಪಾಗಲಿಲ್ಲ.

ಜನವರಿ 31, ಶುಕ್ರವಾರ. 160/98

ಹುಡುಗಿ ಸಿಕ್ಕಳು. ಐದು ಸಾಲಿನ ಬೆಂಚುಗಳಲ್ಲಿ ಮೂರನೆಯದರಲ್ಲಿ, ಇಬ್ಬರ ನಡುವೆ ಕೂರುತ್ತಾಳೆ. ಹಾಜರಿಯಲ್ಲಿ ನಲವತ್ತೈದು ಮಕ್ಕಳ ಪೈಕಿ ಇಪ್ಪತ್ತಮೂರನೆಯವಳು. ಎತ್ತರದ ಪ್ರಕಾರ ನಿಲ್ಲಿಸಿದರೂ ನಟ್ಟನಡುವೆಯೇ ಬರುತ್ತಾಳೆ. ಅಂಕಗಳು ಐವತ್ತನಾಲ್ಕು, ಐವತ್ತೈದು, ಮತ್ತೆ ಐವತ್ತನಾಲ್ಕು. ಮೂರು ವರ್ಷದಿಂದ ನಾನೇ ಅವಳ ತರಗತಿ ಶಿಕ್ಷಕ, ಎಂಟು ಪ್ರಗತಿ ಪತ್ರ ಕೊಟ್ಟಿದ್ದೇನೆ, ಎಂಟರಲ್ಲೂ ಒಂದೇ ಸ್ಟಾಂಪು: ಪರವಾಗಿಲ್ಲ. ಈ ಪುಸ್ತಕದ ಮಟ್ಟಿಗೆ ಅವಳಿಗೆ ನಡುಬೆಂಚು ಎಂದು ಹೆಸರಿಟ್ಟಿದ್ದೇನೆ.

ಬರೆಯಲು ಕುಳಿತೆ. 'ಈ ಹುಡುಗಿ ಪರವಾಗಿಲ್ಲ.' ಅಲ್ಲಿಗೆ ಮಾತು ಮುಗಿಯಿತು. ಪುಟದಲ್ಲಿ ಇನ್ನೂ ಇಪ್ಪತ್ತನಾಲ್ಕು ಗೆರೆ ಖಾಲಿ.

ಬೇರೇನೂ ತೋಚದೆ ಲೆಕ್ಕ ಮಾಡಿದೆ. ಕಳೆದ ವರ್ಷ ಐದು ಸೀಟಿಗೆ ಎಪ್ಪತ್ತೆರಡು ಅರ್ಜಿ ಬಂದಿದ್ದವಂತೆ. ನೂರಕ್ಕೆ ಏಳು ಅವಕಾಶ. ಅದೂ ಸರಾಸರಿ ಲೆಕ್ಕ. ಸರಾಸರಿ ಹುಡುಗಿಗೆ ಸರಾಸರಿ ಅವಕಾಶವೂ ಸಿಗುವುದಿಲ್ಲ, ಏಕೆಂದರೆ ಉಳಿದ ಎಪ್ಪತ್ತೊಂದು ಮಕ್ಕಳ ಮೇಷ್ಟ್ರುಗಳು ಸುಳ್ಳು ಹೇಳಲು ನನಗಿಂತ ಚೆನ್ನಾಗಿ ಕಲಿತಿರುತ್ತಾರೆ.

ಫೆಬ್ರವರಿ 5, ಬುಧವಾರ. 162/98

ನೇರವಾಗಿ ಕೇಳಿಬಿಡೋಣ ಎಂದು ನಿನ್ನೆ ನಡುಬೆಂಚನ್ನು ಕರೆದೆ. "ನಿನ್ನಲ್ಲಿ ವಿಶೇಷ ಏನಿದೆ?"

ಸೂರು ನೋಡಿದಳು. "ಗೊತ್ತಿಲ್ಲ ಸರ್. ಮನೇಲಿ ಹುಡುಕಿ ನಾಳೆ ಹೇಳ್ಲಾ?"

ಇವತ್ತು ಹೇಳಿದಳು. "ನಾಲಿಗೇಲಿ ಮೂಗು ಮುಟ್ಟೋಕೆ ಬರುತ್ತೆ ಸರ್." ಮುಟ್ಟಿಯೂ ತೋರಿಸಿದಳು. ನೋಡನೋಡುತ್ತಿದ್ದಂತೆ ನಲವತ್ತನಾಲ್ಕು ನಾಲಿಗೆಗಳು ಹೊರಬಂದವು. ಅದೇ ಹೊತ್ತಿಗೆ ಶಾಲಾ ಇನ್‌ಸ್ಪೆಕ್ಟರ್ ಬಾಗಿಲ ಬಳಿ ಹಾದುಹೋದರು. ಹಣೆಬರಹಕ್ಕೆ ಹೊಣೆ ಯಾರು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ನಾನೂ ಪ್ರಯತ್ನಿಸಿದೆ. ಒಂದು ಬೆರಳಿನಷ್ಟು ಅಂತರ ಉಳಿಯುತ್ತದೆ. ನಾಲಿಗೆ ಒಳಗೆ ಎಳೆದುಕೊಳ್ಳುವಷ್ಟರಲ್ಲಿ ಅವಳು ಕಿಟಕಿಯಾಚೆ ನೋಟ್‌ಬುಕ್ಕುಗಳ ರಾಶಿ ಹಿಡಿದು ನಿಂತಿದ್ದಳು. ಏನೂ ಕಾಣದವಳಂತೆ ಮುಖ ತಿರುಗಿಸಿದಳು. ಅಷ್ಟರ ಮಟ್ಟಿಗೆ ಸಭ್ಯಳು ಎಂದು ಬರೆಯಬಹುದೇನೋ.

ಫೆಬ್ರವರಿ 12, ಬುಧವಾರ. 158/96

ಬೋರ್ಡಿನ ಮೇಲೆ ಕೋನ ಅಳೆಯುವ ಮರದ ಕೋನಮಾಪಕ ಕಾಣೆಯಾಯಿತು. ದೊಡ್ಡದು, ಕಳೆದುಹೋಗುವ ಸಾಮಾನಲ್ಲ. ಮೂರನೇ ಬೆಂಚಿನಿಂದ ಕಿಸಿಕಿಸಿ ನಗು ಕೇಳಿಸಿತು. ಆ ಬೆಂಚಿನ ಮೂವರನ್ನೂ ಪೀರಿಯಡ್ ಮುಗಿಯುವವರೆಗೆ ನಿಲ್ಲಿಸಿ, ಕಳ್ಳತನ, ಸಂಸ್ಕಾರ, ಸಮಾಜ ಎಂದೆಲ್ಲ ಕುಳಿತಲ್ಲಿಂದಲೇ ಗುಡುಗಿದೆ. ಗಂಟೆ ಹೊಡೆದಾಗ ಎದ್ದೆ. ಕುರ್ಚಿಯ ದಿಂಬಿನ ಕೆಳಗೆ ಕೋನಮಾಪಕ ಇತ್ತು. ಬೆಳಗಿನಿಂದ ಸೊಂಟ ಯಾಕೆ ನೋಯುತ್ತಿತ್ತು ಎಂಬುದೂ ಅದರೊಂದಿಗೆ ಇತ್ಯರ್ಥವಾಯಿತು.

ಮಕ್ಕಳೆಲ್ಲ ನನ್ನ ಮುಖ ನೋಡುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಇಂಥ ಸಂದರ್ಭಕ್ಕೆ ನಾನು ಯಾವ ವಾಕ್ಯವನ್ನೂ ಇಟ್ಟುಕೊಂಡಿಲ್ಲ. "ಅದು... ಇಲ್ಲೇ..." ಎಂದೆ.

"ಪರವಾಗಿಲ್ಲ ಸರ್" ಎಂದಳು ನಡುಬೆಂಚು. ಅಷ್ಟೆ. ಮರುಕವೂ ಇಲ್ಲ, ಅಣಕವೂ ಇಲ್ಲ. ಬಿದ್ದ ಪೆನ್ಸಿಲ್ ಎತ್ತಿಕೊಟ್ಟ ಹಾಗೆ ಹೇಳಿ ಕುಳಿತಳು. ಉಳಿದಿಬ್ಬರೂ ಕುಳಿತರು, ಮುಂದಿನ ಪೀರಿಯಡ್ ಶುರುವಾಯಿತು.

ಆಮೇಲೆ ಕುಡಿದ ಚಹಾ ಚೆನ್ನಾಗಿತ್ತು. ಚಹಾಪುಡಿ ಬದಲಾಯಿಸಿರಬೇಕು.

ಫೆಬ್ರವರಿ 14, ಶುಕ್ರವಾರ. 152/94

ಅವಳು 'ಪರವಾಗಿಲ್ಲ' ಎನ್ನುವುದನ್ನು ಇವತ್ತು ಎಣಿಸಿದೆ. ಹನ್ನೊಂದು ಸಲ. ಪಕ್ಕದಲ್ಲಿ ಕೂರುವ ಎತ್ತರದ ಹುಡುಗಿ ಕಾಲು ತುಳಿದಾಗ ಒಮ್ಮೆ. ಮುಕ್ಕಾಲಿನ ಜಗಳ ಕಂಡುಹಿಡಿದ ಮಹಾಶಯ ಅವಳ ನಕ್ಷೆಯ ಮೇಲೆ ಶಾಯಿ ಚೆಲ್ಲಿದಾಗ ಒಮ್ಮೆ. ಪ್ರಾರ್ಥನೆಯ ಸಾಲಿನಲ್ಲಿ ಹೊಸದಾಗಿ ಸೇರಿದ ಪುಟ್ಟಿ ಇವಳ ಚೀಲದ ಮೇಲೆಯೇ ವಾಂತಿ ಮಾಡಿಕೊಂಡು ಗೋಳೋ ಎಂದು ಅತ್ತಾಗ, "ಪರವಾಗಿಲ್ಲ ಬಿಡು, ತೊಳೆದ್ರೆ ಹೋಗುತ್ತೆ. ಒಳಗಿರೋದು ಲೆಕ್ಕದ ಪುಸ್ತಕ ತಾನೆ" ಎಂದಳು. ಪುಟ್ಟಿ ಅಳು ನಿಲ್ಲಿಸಿ ನಕ್ಕಿತು. ಲೆಕ್ಕದ ಪುಸ್ತಕದ ಮಾತು ನನಗೆ ಹಿಡಿಸಲಿಲ್ಲ. ಆದರೆ ಬೈಯುವುದು ಮರೆತುಹೋಯಿತು.

ಒತ್ತಡ ಇಳಿದಿದೆ. ಹೊಸ ಮಾತ್ರೆ ಕೆಲಸ ಮಾಡುತ್ತಿದೆ ಎಂದೆ. ಮಾತ್ರೆ ಬದಲಾಯಿಸಿಯೇ ಇಲ್ಲ ಎಂದಳು ಮನೆಯವಳು.

ಫೆಬ್ರವರಿ 17, ಸೋಮವಾರ. 150/94

ಅಭಿಪ್ರಾಯ ಬರೆದು ಮುಗಿಸಿದೆ. ವಾಂತಿ, ಶಾಯಿ, ಕೋನಮಾಪಕ ಎಲ್ಲ ಸೇರಿ ಮೊದಲು ಪೂರ್ತಿ ಒಂದು ಪುಟ ಆಗಿತ್ತು. ಓದಿ ನೋಡಿದರೆ ನನಗೇ ಮುಜುಗರ. ಲೆಕ್ಕದ ಮೇಷ್ಟ್ರು ಕವಿಯಾಗಬಾರದು. ಎಲ್ಲ ಹೊಡೆದುಹಾಕಿ ಇಷ್ಟು ಉಳಿಸಿದೆ:

'ಈ ಹುಡುಗಿ ಪರವಾಗಿಲ್ಲ. ಇದನ್ನು ಮೂರು ವರ್ಷ ನೋಡಿ ಹೇಳುತ್ತಿದ್ದೇನೆ. ಎಂಟು ಸಲ ಲಿಖಿತವಾಗಿಯೂ ತಿಳಿಸಿದ್ದೇನೆ. ಆಕೆಯ ತಾಯಿಗೂ ಇದು ಗೊತ್ತು. ಶಾಲೆಯಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ತಾವು ಸೇರಿಸಿಕೊಂಡರೆ ಕೆಲವೇ ದಿನಗಳಲ್ಲಿ ತಮ್ಮ ಅನುಭವಕ್ಕೂ ಬರುತ್ತದೆ.'

ಟೈಪು ಮಾಡಲು ಗುಮಾಸ್ತನಿಗೆ ಕೊಟ್ಟೆ. ನಮ್ಮ ಗುಮಾಸ್ತನಿಗೆ ವ್ಯಾಕರಣದ ಹುಚ್ಚು. ವಿಭಕ್ತಿ ಪ್ರತ್ಯಯಗಳ ಮೇಲೆ ಹನ್ನೊಂದು ವರ್ಷದಿಂದ ಒಂದು ಪುಸ್ತಕ ಬರೆಯುತ್ತಿದ್ದಾನೆ, ಇನ್ನೂ ತೃತೀಯಾ ದಾಟಿಲ್ಲ. "ಒಂದೇ ಒಂದು ಅಕ್ಷರ ಬಿಟ್ಟುಹೋಗಿತ್ತು ಸರ್, ಸೇರಿಸಿದೀನಿ" ಎಂದು ಹಾಳೆ ತಂದ. ಕನ್ನಡಕ ತರಗತಿಯಲ್ಲೇ ಉಳಿದಿತ್ತು. ಅಂದಾಜಿನ ಮೇಲೆ ಸಹಿ ಹಾಕಿದೆ.

ಮಾರ್ಚ್ 6, ಗುರುವಾರ. 182/112

ಕಾನ್ವೆಂಟಿನಲ್ಲಿ ಇವತ್ತು ಸಂದರ್ಶನ. ಸಂಜೆ ತಾಯಿ ಮಗಳು ನೆಟ್ಟಗೆ ನಮ್ಮ ಶಾಲೆಗೆ ಬಂದರು. ತಾಯಿಯ ಮುಖ ಕೆಂಡದಂತಾಗಿತ್ತು.

"ನನ್ನ ಮಗಳು ನಿಮಗೇನು ಮಾಡಿದಾಳೆ ಸರ್? ಅಲ್ಲಿ ಹೆಡ್ ಸಿಸ್ಟರ್ ಕೇಳಿದ್ರು. ನಿಮ್ಮ ಮೇಷ್ಟ್ರಿಗೆ ನಿನ್ನ ಮೇಲೆ ಇಷ್ಟು ಕೋಪ ಯಾಕಮ್ಮ ಅಂತ."

ಅರ್ಥವಾಗಲಿಲ್ಲ. ಪ್ರತಿ ತೆಗೆಸಿ, ಈ ಸಲ ಕನ್ನಡಕ ಹಾಕಿಕೊಂಡು ಓದಿದೆ. 'ಈ ಹುಡುಗಿಯ ಪರವಾಗಿಲ್ಲ.'

ಒಂದು 'ಯ'. ಅದರ ಕೆಳಗೆ ಉಳಿದದ್ದೆಲ್ಲ ಹಾಗೆಯೇ ಇದೆ: ಮೂರು ವರ್ಷ ನೋಡಿ ಹೇಳುತ್ತಿದ್ದೇನೆ, ಎಂಟು ಸಲ ಲಿಖಿತವಾಗಿ ತಿಳಿಸಿದ್ದೇನೆ, ತಾಯಿಗೂ ಗೊತ್ತು, ತಮ್ಮ ಅನುಭವಕ್ಕೂ ಬರುತ್ತದೆ. ಅದರಡಿ ನನ್ನ ಸಹಿ, ತಾರೀಖು, ಮೊಹರು. ಹಗೆಗಾರ ಕೂಡ ಇಷ್ಟು ಅಚ್ಚುಕಟ್ಟಾಗಿ ಬರೆಯಲಾರ.

ಗುಮಾಸ್ತನನ್ನು ಕರೆದೆ. ಅವನಿಗೆ ಒಂದಿಷ್ಟೂ ಅಳುಕಿಲ್ಲ. "ಪರವಾಗಿಲ್ಲ ಅಂದ್ರೆ ಯಾರ ಪರವಾಗಿಲ್ಲ ಅಂತ ಪ್ರಶ್ನೆ ಬರುತ್ತಲ್ವಾ ಸರ್? ಅಲ್ಲಿ ಷಷ್ಠಿ ಬೇಕೇ ಬೇಕು. ಹುಡುಗಿಯ. ವ್ಯಾಕರಣದ ಪ್ರಕಾರ ಈಗ ಸರಿಯಾಗಿದೆ."

ನಾನು ಕೂಗಾಡಿದ್ದು ಆಟದ ಮೈದಾನದವರೆಗೆ ಕೇಳಿಸಿತಂತೆ. ಆದರೆ ಅವನೊಬ್ಬನನ್ನು ಬೈದು ಏನು ಪ್ರಯೋಜನ, ಸಹಿ ನನ್ನದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಪರವಾಗಿಲ್ಲ ಸರ್" ಎಂದಳು ನಡುಬೆಂಚು. ಹೇಳುವಾಗ ನನ್ನನ್ನು ನೋಡಲಿಲ್ಲ, ತಾಯಿಯ ಕೈ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಇಪ್ಪತ್ತಾರು ವರ್ಷದಲ್ಲಿ ನೂರಾರು ಮಕ್ಕಳನ್ನು ಓದದೆಯೇ ಸಹಿ ಹಾಕಿ ಕಳಿಸಿದ್ದೇನೆ ಎಂದು ಅನ್ನಿಸಿತು.

ಅವಕಾಶ ಈಗ ನೂರಕ್ಕೆ ಸೊನ್ನೆ. ಸೊನ್ನೆಗಿಂತ ಕೆಳಗೂ ಸಂಖ್ಯೆಗಳಿವೆ ಎಂದು ಕಲಿಸುವವನೂ ನಾನೇ.

ಮಾತಾಡಲು ನೆಪ ಬೇಕಿತ್ತು. ಒಂದು ಅಂಗಿ ಹಿಡಿದು ಇಸ್ತ್ರಿ ಅಂಗಡಿಗೆ ಹೋದೆ. ಆಕೆ ತುಟಿ ಬಿಚ್ಚಲಿಲ್ಲ. ಆ ಕಾಲರನ್ನು ಎಷ್ಟು ಒತ್ತಿ ತೀಡಿದರೆಂದರೆ ಕತ್ತು ಕೊಯ್ಯುವ ಹಾಗಿದೆ.

ಮಾರ್ಚ್ 7, ಶುಕ್ರವಾರ. ಒತ್ತಡ ನೋಡಲು ಹೊತ್ತಾಗಲಿಲ್ಲ

ಅದೇ ಅಂಗಿ ಹಾಕಿಕೊಂಡು ಗುಡ್ಡ ಹತ್ತಿದೆ. ಕಾನ್ವೆಂಟಿನ ಕಾರಿಡಾರು ಎಷ್ಟು ನುಣುಪೆಂದರೆ ನನ್ನ ಚಪ್ಪಲಿ ನನಗಿಂತ ಮುಂದೆ ಹೋಗುತ್ತಿತ್ತು. ಗೋಡೆಯ ಗೂಡಿನಲ್ಲಿ ಮಾತೆ ಮರಿಯಳ ಪ್ರತಿಮೆ, ಅದರ ಕೆಳಗೆ 'ಮೌನ' ಎಂಬ ಫಲಕ. ಹೆಡ್ ಸಿಸ್ಟರ್ ಕೋಣೆಯ ಹೊರಗಿನ ಬೆಂಚಿನಲ್ಲಿ ಚಿಕ್ಕ ತರಗತಿಯ ಇಬ್ಬರು ಹುಡುಗಿಯರು ಬೈಸಿಕೊಳ್ಳಲು ಕಾದಿದ್ದರು. ನಾನೂ ಪಕ್ಕದಲ್ಲಿ ಕುಳಿತೆ.

"ನೀವೇನು ಮಾಡಿದ್ರಿ ಅಂಕಲ್?" ಒಬ್ಬಳು ಪಿಸುಗುಟ್ಟಿದಳು.

"ಓದದೆ ಸಹಿ ಹಾಕಿದೆ."

"ಅಯ್ಯೋ, ಹಾಗಾದ್ರೆ ನೀವೇ ಮೊದಲು ಹೋಗಿ" ಎಂದು ಇಬ್ಬರೂ ಜಾಗ ಬಿಟ್ಟರು.

ಹೆಡ್ ಸಿಸ್ಟರ್ ವಯಸ್ಸಾದವರು. ಕನ್ನಡಕದ ಮೇಲಿಂದ ನೋಡುತ್ತಾರೆ. ಷಷ್ಠಿ, ಗುಮಾಸ್ತ, ಕನ್ನಡಕ ಎಲ್ಲವನ್ನೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಸರಿ ಮೇಷ್ಟ್ರೇ, 'ಯ' ತೆಗೆದೆ. ಈಗ ಹುಡುಗಿ ಪರವಾಗಿಲ್ಲ. ಅಂದ್ರೆ ಸುಮಾರು. ನನ್ನ ಮುಂದೆ ಎಪ್ಪತ್ತಾರು ಅರ್ಜಿ ಇದೆ, ಎಪ್ಪತ್ತೈದು ಮಕ್ಕಳು ಪ್ರತಿಭಾವಂತರು ಅಂತ ಅವರ ಮೇಷ್ಟ್ರುಗಳು ಬರೆದಿದಾರೆ. ಸುಮಾರಾದವಳಿಗೆ ನಾನು ಯಾಕೆ ಸೀಟು ಕೊಡ್ಲಿ? ನಿನ್ನೆ ವಿಶೇಷ ಏನಮ್ಮ ಅಂದ್ರೆ ನಾಲಿಗೇಲಿ ಮೂಗು ಮುಟ್ಟಿ ತೋರಿಸಿದಳು. 'ನಮ್ಮ ಸರ್ ಕೂಡ ಕಲೀತಿದಾರೆ' ಅಂದಳು."

ಉತ್ತರ ಕೊಡಲು ಕೈ ಎತ್ತಿದೆ. ಮೇಜಿನ ಮೇಲಿದ್ದ ಹೂದಾನಿ ಉರುಳಿತು. ಹೂವು, ನೀರು, ಎಲ್ಲ ಎಪ್ಪತ್ತಾರು ಅರ್ಜಿಗಳ ಮೇಲೆ.

ಸಿಸ್ಟರ್ ಕಣ್ಣು ಮುಚ್ಚಿದರು. ಹಲ್ಲು ಬಿಗಿಹಿಡಿದು "ಪರವಾಗಿಲ್ಲ" ಎಂದರು.

ಆಗ ನನಗೆ ಹೊಳೆಯಿತು. "ನೋಡಿ ಸಿಸ್ಟರ್, ಇದೇ. ನೀವೀಗ ಪರವಾಗಿಲ್ಲ ಅಂದ್ರಿ, ನನಗೆ ಇನ್ನೂ ಭಯ ಆಗ್ತಿದೆ. ಓಡಿಹೋಗೋಣ ಅನ್ನಿಸ್ತಿದೆ. ಅದೇ ಮಾತು ಅವಳು ಹೇಳಿದ್ರೆ ತಪ್ಪು ಮಾಡಿದವನು ಎದ್ದು ನೆಲ ಒರೆಸ್ತಾನೆ. ಇಡೀ ಶಾಲೇಲಿ ಹಾಗೆ ಹೇಳೋಕೆ ಬರೋದು ಅವಳೊಬ್ಬಳಿಗೆ. ನನಗೆ ಬರಲ್ಲ. ನಾನು ಸ್ಟಾಂಪ್ ಮಾಡಿಸಿ ಇಟ್ಕೊಂಡಿದೀನಿ, ಆದ್ರೂ ಬರಲ್ಲ." ಆಮೇಲೆ ಕೋನಮಾಪಕದ ಮೇಲೆ ಕುಳಿತದ್ದನ್ನೂ ಹೇಳಿಬಿಟ್ಟೆ. ಹೇಳುತ್ತಲೇ ಕರ್ಚೀಫಿನಿಂದ ಅರ್ಜಿಗಳನ್ನು ಒರೆಸುತ್ತಿದ್ದೆ. ಸಿಸ್ಟರೂ ತಮ್ಮ ಸೆರಗಿನಂಥ ಬಟ್ಟೆಯ ತುದಿಯಿಂದ ಒರೆಸುತ್ತಿದ್ದರು. ಕೋನಮಾಪಕದ ಜಾಗ ಬಂದಾಗ ಅವರ ಭುಜ ಕುಲುಕಿತು. ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.

"ಮೇಷ್ಟ್ರೇ, ವ್ಯಾಕರಣ ಬಿಡಿ. ನೀವು ಈ ಹುಡುಗಿಯ ಪರವಾಗಿ ಇದೀರೋ, ಇಲ್ವೋ?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ.

"ಇದೀನಿ" ಎಂದೆ.

"ಬರೆದುಕೊಡಿ. ಒಂದು ಪುಟ. ಟೈಪು ಬೇಡ."

ಶಿಕ್ಷೆಯ ಬೆಂಚಿನಲ್ಲೇ ಕುಳಿತು ಬರೆದೆ. ಪುಟ ತುಂಬಿ, ಹಿಂಬದಿಯೂ ಅರ್ಧ ತುಂಬಿತು. ಪುಟ್ಟ ಹುಡುಗಿಯರು ಇಣುಕಿ ನೋಡಿ, "ಅಷ್ಟೊಂದು ಸಲ ಬರೀಬೇಕಾ?" ಎಂದು ಮರುಗಿದರು.

ಮಾರ್ಚ್ 24, ಸೋಮವಾರ. 148/92

ಕಾನ್ವೆಂಟಿನಲ್ಲಿ ಆಯ್ಕೆ ಪಟ್ಟಿ ಅಂಟಿಸಿದ್ದಾರೆ. ಶಾಲೆ ಮುಗಿದ ಕೂಡಲೇ ತಾಯಿ, ಮಗಳು, ನಾನು, ಹಿಂದೆ ತಲೆ ತಗ್ಗಿಸಿಕೊಂಡು ಗುಮಾಸ್ತ, ಎಲ್ಲ ಹೋದೆವು. ಐದು ಹೆಸರು. ನಮ್ಮದಿಲ್ಲ. ಕೆಳಗೆ ಕಾಯುವವರ ಪಟ್ಟಿಯಲ್ಲಿ ಮೂರು ಹೆಸರು. ನಮ್ಮವಳು ಎರಡನೆಯವಳು. ಅಲ್ಲೂ ನಡುವೆ.

"ಪರವಾಗಿಲ್ಲ ಸರ್" ಎಂದಳು.

"ನಿನಗೆ ಇಲ್ಲದೆ ಇರಬಹುದು. ನನಗೆ ಪರವಾ ಇದೆ" ಎಂದೆ. ಸ್ವಲ್ಪ ಜೋರಾಗಿಯೇ ಬಂತು.

ಅವಳು ನನ್ನನ್ನು ನೋಡಿದಳು. ಆಮೇಲೆ ಅಳತೊಡಗಿದಳು. ಮೂರು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ, ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ. ಗೇಟಿನ ಬಳಿ ಜನ ತಿರುಗಿ ನೋಡುತ್ತಿದ್ದರು. ನಾನೂ ಏನೋ ಹೇಳಿದೆ. "ಪರವಾಗಿಲ್ಲ, ಅಳು ಮಗೂ" ಎಂದೆನೆಂದು ಕಾಣುತ್ತದೆ. ಅವಳು ಅತ್ತು ಮುಗಿಸಿ ಮೂಗು ಒರೆಸಿಕೊಂಡಳು. ತಾಯಿ ಎರಡು ವಾರದ ಮೇಲೆ ನನ್ನ ಜೊತೆ ಮಾತಾಡಿದರು. "ಆ ಅಂಗಿ ಕೊಡಿ ಸರ್, ಕಾಲರ್ ಸ್ವಲ್ಪ ಮೆತ್ತಗೆ ಮಾಡಿಕೊಡ್ತೀನಿ."

ಏಪ್ರಿಲ್ 9, ಬುಧವಾರ

ಸಂಜೆ ಇಸ್ತ್ರಿ ಅಂಗಡಿಯಾಕೆ ಓಡುತ್ತಾ ಬಂದರು. ಐವರಲ್ಲಿ ಒಬ್ಬಳ ತಂದೆಗೆ ವರ್ಗವಾಗಿದೆ, ಇನ್ನೊಬ್ಬಳು ಬೇರೆ ಶಾಲೆಗೆ ಹೋಗಿದ್ದಾಳೆ. ಕಾಯುವವರಲ್ಲಿ ಎರಡನೆಯವಳವರೆಗೆ ಕರೆಪತ್ರ ಬಂದಿದೆ. ಅಂಗಡಿಯಲ್ಲಿ ಇಸ್ತ್ರಿ ಆರಿಸಿದೆನೋ ಇಲ್ಲವೋ ನೆನಪಿಲ್ಲ ಎಂದು ಹಾಗೆಯೇ ಓಡಿಹೋದರು. ಪತ್ರದ ಕೆಳಗೆ ಸಿಸ್ಟರ್ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದಾರೆ: 'ಮೇಷ್ಟ್ರಿಗೆ ತಿಳಿಸಿ, ನನಗೂ ಒಂದು ಬೆರಳು ಅಂತರ ಉಳಿಯುತ್ತದೆ.'

ಮನೆಗೆ ಬಂದು ವರ್ಷದ ಕೊನೆಯ ಪ್ರಗತಿ ಪತ್ರಗಳನ್ನು ಹರಡಿಕೊಂಡು ಕುಳಿತೆ. ಅವಳದು ಒಂಬತ್ತನೆಯದು. ಷರಾ ಬರೆಯುವ ಜಾಗ ಬೆಂಕಿಪೊಟ್ಟಣದಷ್ಟು. ಪೆನ್ನಿನಲ್ಲಿ ಬರೆದೆ: 'ನಾನು ಈ ಹುಡುಗಿಯ ಪರವಾಗಿದ್ದೇನೆ.' ಅದರ ಪಕ್ಕದಲ್ಲಿ ಮುಂದಿನ ಪತ್ರಕ್ಕೆ ಸ್ಟಾಂಪು ಒತ್ತಲು ಹೋದರೆ ಯಾಕೋ ಚೆನ್ನಾಗಿ ಕಾಣಲಿಲ್ಲ. ಅದು ಮುಕ್ಕಾಲಿನವನದು. 'ಭಿನ್ನರಾಶಿಗಳು ಜಗಳವಾಡುತ್ತವೆ ಎಂದು ಕಂಡುಹಿಡಿದವನು. ಬಿಡಿಸಲು ಕಲಿತರೆ ದೊಡ್ಡವನಾಗುತ್ತಾನೆ' ಎಂದು ಬರೆದೆ. ಹೀಗೆ ಹದಿನೇಳಾಯಿತು. ಸ್ಟಾಂಪಿನ ಶಾಯಿ ಒಣಗಿದೆ, ಅದೊಂದೇ ಕಾರಣ.

ಮನೆಯವಳು ಬಂದು ಕೇಳದೆಯೇ ತೋಳಿಗೆ ಪಟ್ಟಿ ಸುತ್ತಿದಳು. ಅಂಕಿ ನೋಡಿದಳು, ಮೇಜಿನ ಮೇಲಿನ ಪತ್ರಗಳನ್ನು ನೋಡಿದಳು, ನನ್ನ ಮುಖ ನೋಡಿದಳು.

"ಪರವಾಗಿಲ್ಲ" ಎಂದಳು.

"ಯಾವುದು? ಒತ್ತಡವೋ, ನಾನೋ?"

ಪಟ್ಟಿ ಸುತ್ತಿ ಡಬ್ಬಿಗೆ ಹಾಕಿದಳು. "ಇಬ್ಬರೂ."

ಅಂಕಿ ಎಷ್ಟೆಂದು ಕೇಳುವುದು ಮರೆತೆ. ಇನ್ನೂ ಇಪ್ಪತ್ತೆಂಟು ಪತ್ರಗಳಿವೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕಬೇಕು.